ಅಕ್ಕನ ಪಾತ್ರಕ್ಕೆ ಹತ್ತು ಅಂಕ

ಅವಳನ್ನು ಎಲ್ಲರೂ ಟೀಚರ್ ಎಂದು ಕರೆಯುತ್ತಿದ್ದರು. ಹಾಗೆ ನೋಡಿದರೆ ಅವಳು ಒಂದೇ ಒಂದು ದಿನವೂ ಯಾವ ತರಗತಿಯಲ್ಲೂ ಸೀಮೆಸುಣ್ಣ ಹಿಡಿದು ನಿಂತವಳಲ್ಲ. ಆದರೆ ಆ ಊರಿನಲ್ಲಿ ಪರೀಕ್ಷೆ ಪಾಸಾದ ಮಕ್ಕಳಲ್ಲಿ ಅರ್ಧಕ್ಕರ್ಧ ಜನ ಅವಳ ವಾಕ್ಯಗಳನ್ನೇ ಉರು ಹೊಡೆದು ಪಾಸಾದವರು. ಮೂವತ್ತು ವರ್ಷದಿಂದ ಅವಳು ಸಾಹಿತ್ಯದ ಪಠ್ಯಗಳಿಗೆ ಗೈಡು ಬರೆಯುತ್ತಿದ್ದಳು. ಗೈಡಿನ ಮೇಲೆ ಅವಳ ಹೆಸರು ಇರುತ್ತಿರಲಿಲ್ಲ. ‘ಅನುಭವಿ ಅಧ್ಯಾಪಕರಿಂದ’ ಎಂದು ಮಾತ್ರ ಅಚ್ಚಾಗುತ್ತಿತ್ತು. “ಅನುಭವಿ ಅನ್ನೋದು ನಿಜ, ಅಧ್ಯಾಪಕರು ಅನ್ನೋದು ಅಚ್ಚಿನ ದೋಷ” ಎಂದು ಅವಳೇ ಒಮ್ಮೊಮ್ಮೆ ನಗುತ್ತಿದ್ದಳು.

ಕೆಲಸದ ಜಾಗ ಮುದ್ರಣಾಲಯದ ಮಹಡಿ. ಕೆಳಗೆ ಯಂತ್ರ ಓಡುವಾಗ ಮೇಜಿನ ಮೇಲಿನ ಚಹಾದ ಲೋಟದಲ್ಲಿ ಸಣ್ಣ ಸಣ್ಣ ಅಲೆ ಏಳುತ್ತಿತ್ತು. ಕೋಣೆಯಲ್ಲಿ ಇದ್ದದ್ದು ಎರಡೇ ಮೇಜು. ಒಂದು ಅವಳದು. ಇನ್ನೊಂದು, ಕರಡು ತಿದ್ದುವ ಮುದುಕರದು. ಅವರಿಗೆ ಕಾಗುಣಿತದಜ್ಜ ಎಂದೇ ಹೆಸರು. ಬೀದಿಯಲ್ಲಿ ಹೋಗುವಾಗ ಅಂಗಡಿಯ ಬೋರ್ಡಿನಲ್ಲಿ ಒಂದು ದೀರ್ಘ ತಪ್ಪಿದ್ದರೂ ಒಳಗೆ ಹೋಗಿ ಹೇಳಿ ಬೈಸಿಕೊಂಡು ಬರುವ ಜಾತಿ. ಇಬ್ಬರೂ ದಿನಕ್ಕೆ ಹತ್ತು ಮಾತು ಆಡಿದರೆ ಅದೇ ಹೆಚ್ಚು. ಆ ಹತ್ತೇ ಮಾತು ಅವಳ ದಿನದ ಮಾತುಗಳಲ್ಲಿ ಮುಕ್ಕಾಲು ಪಾಲು.

ಗೈಡು ಬರೆಯುವುದೆಂದರೆ ಎತ್ತಿ ಬರೆಯುವುದು ಎಂದು ತಿಳಿದವರು ಬಹಳ. ಅವಳು ಹಾಗೆ ಬರೆಯುತ್ತಿರಲಿಲ್ಲ. ನಾಟಕೀಯ ವ್ಯಂಗ್ಯ ಎಂದರೇನು ಎಂಬ ಪ್ರಶ್ನೆಗೆ ಬೇರೆ ಗೈಡುಗಳಲ್ಲಿ ಬಾಯಿಗೆ ಸಿಕ್ಕದ ಎರಡು ಸಾಲು ಇರುತ್ತಿತ್ತು. ಅವಳ ಗೈಡಿನಲ್ಲಿ ಹೀಗಿರುತ್ತಿತ್ತು: ‘ಕಾರ್ಖಾನೆ ಮುಚ್ಚಿದೆ ಎಂದು ನೋಡುವ ನಮಗೆಲ್ಲ ಗೊತ್ತು, ಪಾತ್ರಕ್ಕೆ ಮಾತ್ರ ಗೊತ್ತಿಲ್ಲ. ಅವನು ಹೊಸ ಬೂಟಿಗೆ ಪಾಲಿಶ್ ಹಾಕಿ ಸಿಳ್ಳೆ ಹೊಡೆಯುತ್ತ ಕೆಲಸಕ್ಕೆ ಹೊರಡುತ್ತಾನೆ. ಆ ಸಿಳ್ಳೆಯೇ ನಾಟಕೀಯ ವ್ಯಂಗ್ಯ.’ ಮುನ್ಸೂಚನೆಗೆ: ‘ಮೊದಲ ಅಂಕದಲ್ಲಿ ಯಾರಾದರೂ ಮೆಟ್ಟಿಲು ಸಡಿಲವಾಗಿದೆ ಎಂದು ಗೊಣಗಿದರೆ ಮೂರನೆಯ ಅಂಕದಲ್ಲಿ ಯಾರೋ ಬೀಳುತ್ತಾರೆ ಎಂದು ತಿಳಿಯಿರಿ.’ ಮಾದರಿ ಪಾತ್ರಗಳ ಬಗ್ಗೆ ಬರೆಯುವುದೆಂದರೆ ಅವಳಿಗೆ ಇನ್ನೂ ಇಷ್ಟ. ಮನೆ ಬಿಟ್ಟು ಹೊರಡುವ ನಾಯಕ, ದಾರಿ ತೋರಿಸಿ ಮರೆಯಾಗುವ ಹಿರಿಯ, ನಗಿಸುತ್ತಲೇ ನಿಜ ಹೇಳುವ ಕೋಡಂಗಿ, ಹೊಸ್ತಿಲಲ್ಲಿ ಅಡ್ಡ ನಿಲ್ಲುವ ಕಾವಲು. ‘ಊರು ಬದಲಾಗುತ್ತದೆ, ಉಡುಪು ಬದಲಾಗುತ್ತದೆ, ಈ ನಾಲ್ಕು ಮುಖಗಳು ಮಾತ್ರ ಎಲ್ಲ ಕಥೆಗೂ ಬಾಡಿಗೆಗೆ ಬರುತ್ತವೆ’ ಎಂದು ಬರೆದಿದ್ದಳು. ಮಕ್ಕಳು ಆ ವಾಕ್ಯವನ್ನು ಅಲ್ಪವಿರಾಮ ಸಹಿತ ಉತ್ತರಪತ್ರಿಕೆಗೆ ಇಳಿಸುತ್ತಿದ್ದರು.

ಮನೆ ಎಂದರೆ ಎರಡು ಕೋಣೆ, ಒಂದು ಒಲೆ, ಕಿಟಕಿಯಲ್ಲಿ ಒಂದು ರೇಡಿಯೋ. ಶನಿವಾರ ಸಂಜೆ ಬಾಗಿಲು ಹಾಕಿದರೆ ಸೋಮವಾರ ಬೆಳಿಗ್ಗೆ ತೆಗೆಯುವುದು. ನಡುವೆ ಒಂದೂವರೆ ದಿನ ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಸೋಮವಾರ ಬಸ್ಸಿನಲ್ಲಿ ಕಂಡಕ್ಟರನಿಗೆ ಇಳಿಯುವ ಜಾಗ ಹೇಳಲು ಹೋದರೆ ಮೊದಲ ಸಲ ಬರೀ ಗಾಳಿ ಹೊರಡುತ್ತಿತ್ತು.

ಅವಳಿಗೆ ಒಬ್ಬ ತಮ್ಮನಿದ್ದ. ಹದಿನಾಲ್ಕು ವರ್ಷ ಚಿಕ್ಕವನು. ಅಪ್ಪ ಮೊದಲೇ ಹೋಗಿದ್ದರು. ಅಮ್ಮ ತೀರಿಕೊಂಡಾಗ ಅವಳಿಗೆ ಇಪ್ಪತ್ತೆರಡು, ಅವನಿಗೆ ಎಂಟು. ಸಾಹಿತ್ಯ ಓದುತ್ತಿದ್ದವಳು ಕಾಲೇಜು ಬಿಟ್ಟು ಮುದ್ರಣಾಲಯದಲ್ಲಿ ಹಾಳೆ ಮಡಿಸುವ ಕೆಲಸಕ್ಕೆ ಸೇರಿದಳು. ಅವನ ಕೂದಲು ಕತ್ತರಿಸಿದಳು, ಜ್ವರ ನೋಡಿದಳು, ಶಾಲೆಯ ಜಗಳ ಬಿಡಿಸಿದಳು. ಹದಿನೆಂಟು ತುಂಬಿದ ವರ್ಷವೇ ಅವನು ಒಂದು ನಾಟಕ ತಂಡದ ಜೊತೆ ಹೊರಟ. ಮೊದಮೊದಲು ವಾರಕ್ಕೊಂದು ಕಾಗದ ಬಂತು, ಆಮೇಲೆ ತಿಂಗಳಿಗೊಂದು, ಆಮೇಲೆ ವರ್ಷಕ್ಕೆ ಎರಡು ಫೋನು. ಅವನು ಬರೆದ ನಾಟಕಗಳು ಹೆಸರು ಮಾಡಿದವು. ಪತ್ರಿಕೆಯಲ್ಲಿ ಅವನ ಚಿತ್ರ ಬಂದರೆ ಕತ್ತರಿಸಿ ಒಂದು ಲಕೋಟೆಯಲ್ಲಿ ಇಡುತ್ತಿದ್ದಳು. ಆದರೆ ಕಚೇರಿಯಲ್ಲಿ ಯಾರಿಗೂ ‘ಇವನು ನನ್ನ ತಮ್ಮ’ ಎಂದು ಹೇಳಿರಲಿಲ್ಲ. ಹೇಳಿದರೆ ‘ಯಾವಾಗ ಬರ್ತಾರೆ?’ ಎಂದು ಕೇಳುತ್ತಾರೆ.

ಅವಳಿಗೆ ಅರವತ್ತೊಂದು ತುಂಬಿದ ವರ್ಷ ಮಾಲೀಕರು ಮೆಟ್ಟಿಲು ಹತ್ತಿ ಬಂದು ಒಂದು ತೆಳ್ಳಗಿನ ಪುಸ್ತಕವನ್ನು ಮೇಜಿನ ಮೇಲೆ ಇಟ್ಟರು.

“ಟೀಚರ್, ಬರೋ ವರ್ಷಕ್ಕೆ ಇದನ್ನ ಪಠ್ಯ ಮಾಡಿದಾರೆ. ಮೂರಂಕದ ನಾಟಕ. ಹದಿನೈದು ದಿನದಲ್ಲಿ ಗೈಡು ಬೇಕು. ಬೇರೆಯವರು ತರೋಕೆ ಮುಂಚೆ ನಾವು ತರಬೇಕು.”

ಪುಸ್ತಕದ ಮೇಲೆ ತಮ್ಮನ ಹೆಸರಿತ್ತು. ನಾಟಕದ ಹೆಸರು ‘ಒಳಗಿನ ಚಿಲಕ’. ಈ ನಾಟಕ ದೊಡ್ಡ ಊರುಗಳಲ್ಲಿ ಓಡಿದ್ದು ಅವಳಿಗೆ ಪತ್ರಿಕೆಯಿಂದ ಗೊತ್ತಿತ್ತು. ಅಚ್ಚಾಗಿದೆ ಎಂದು ಗೊತ್ತಿರಲಿಲ್ಲ. ಅವನು ಕಳಿಸಿರಲಿಲ್ಲ.

“ಅಕ್ಕನ ಪಾತ್ರ ಅಂತ ಒಂದಿದೆ. ಹತ್ತು ಅಂಕಕ್ಕೆ ಅದೇ ಬರತ್ತೆ, ಬರೆದಿಟ್ಕೊಳ್ಳಿ. ಚೆನ್ನಾಗಿ ಖಾರ ಹಾಕಿ ಬರೀರಿ. ಹುಡುಗರಿಗೆ ವಿಲನ್ ಅಂದ್ರೆ ಪ್ರಾಣ” ಎಂದು ಹೇಳಿ ಮಾಲೀಕರು ಇಳಿದು ಹೋದರು.

ಅವಳು ಅಲ್ಲೇ ಓದಲು ಕೂತಳು. ಕಥೆ ಸರಳ. ತಾಯಿಯಿಲ್ಲದ ಮನೆ. ಅಕ್ಕ, ತಮ್ಮ. ತಮ್ಮನಿಗೆ ಕವಿತೆ ಬರೆಯುವ ಹುಚ್ಚು, ಅಕ್ಕನಿಗೆ ಮನೆಯ ಬಾಗಿಲು ಭದ್ರವಾಗಿರಬೇಕೆಂಬ ಹುಚ್ಚು. ನಾಟಕದ ಅಕ್ಕ ಮಲಗುವ ಮುಂಚೆ ಚಿಲಕವನ್ನು ಮೂರು ಸಲ ಎಳೆದು ನೋಡುತ್ತಾಳೆ. ಇವಳೂ ನೋಡುತ್ತಿದ್ದಳು. ನಾಟಕದ ಅಕ್ಕ ತಮ್ಮನ ಕೋಣೆಗೆ ಬರುವ ಮೊದಲು ಬಾಗಿಲಾಚೆ ನಿಂತು ಕೆಮ್ಮುತ್ತಾಳೆ. ಆ ಕೆಮ್ಮು ಕೇಳಿದರೆ ತಮ್ಮ ಬರೆಯುತ್ತಿದ್ದ ಹಾಳೆಯನ್ನು ಹಾಸಿಗೆಯಡಿ ತಳ್ಳುತ್ತಾನೆ, ದೀಪ ಮಂಕಾಗುತ್ತದೆ. ಇವಳಿಗೂ ಆ ಅಭ್ಯಾಸವಿತ್ತು. ಹುಡುಗ ದೊಡ್ಡವನಾಗುತ್ತಿದ್ದಾನೆ, ಹೇಳದೆ ಕೇಳದೆ ಒಳಗೆ ನುಗ್ಗಬಾರದು ಎಂದು ಕೆಮ್ಮಿ ಹೋಗುತ್ತಿದ್ದಳು. ಅವಳ ಪಾಲಿಗೆ ಅದು ಮರ್ಯಾದೆ. ಅವನ ಪಾಲಿಗೆ ಅದು ಎಚ್ಚರಿಕೆಯ ಗಂಟೆಯಾಗಿತ್ತು ಎಂದು ಈಗ, ಅಚ್ಚಾದ ಪುಟದಲ್ಲಿ, ಮೊದಲ ಬಾರಿಗೆ ತಿಳಿಯಿತು.

ಮೂರನೆಯ ಅಂಕಕ್ಕೆ ಬಂದಳು. ಅಂಗಳದಲ್ಲಿ ಬೆಂಕಿ. ಅಕ್ಕ ತಮ್ಮನ ನೋಟುಬುಕ್ಕುಗಳನ್ನು ತಂದು ಒಂದೊಂದಾಗಿ ಸುಡುತ್ತಾಳೆ. ತಮ್ಮ ಕಿಟಕಿಯಿಂದ ನೋಡುತ್ತಾನೆ. ಅವಳು ಅವನತ್ತ ತಿರುಗಿಯೂ ನೋಡುವುದಿಲ್ಲ. ಆಮೇಲೆ ಅವನು ಒಳಗಿನ ಚಿಲಕ ತೆಗೆದು ಹೊರಟುಹೋಗುತ್ತಾನೆ, ಪರದೆ ಬೀಳುತ್ತದೆ.

ಅವಳು ಪುಸ್ತಕ ಮುಚ್ಚಿದಳು. ಕೆಳಗೆ ಯಂತ್ರ ನಿಂತಿತ್ತು, ಊಟದ ಹೊತ್ತು. ಕಾಗುಣಿತದಜ್ಜ ಡಬ್ಬಿ ಬಿಚ್ಚುತ್ತ, “ಏನು ಟೀಚರ್, ಮುಖ ಬಿಳಿಚಿಕೊಂಡಿದೆ?” ಎಂದರು.

“ಏನಿಲ್ಲ. ಅಕ್ಷರ ಸಣ್ಣದು” ಎಂದಳು.

ತಮ್ಮ ಆ ಬೆಂಕಿಯನ್ನು ನೋಡಿದ್ದ. ಮೂವತ್ತೇಳು ವರ್ಷ ಅವಳು ತಿಳಿದುಕೊಂಡಿದ್ದೇ ಬೇರೆ, ಅವನು ನೋಡಿಲ್ಲ ಎಂದು.

ಅದು ನಡೆದದ್ದು ಹೀಗೆ. ಅವನಿಗೆ ಹತ್ತು ವರ್ಷ. ಬೀದಿಯಲ್ಲಿ ಗಂಟಲುಮಾರಿ ಹಬ್ಬಿತ್ತು. ಎದುರು ಮನೆಯ ಎರಡು ಮಕ್ಕಳು ಒಂದೇ ವಾರದಲ್ಲಿ ಹೋಗಿದ್ದವು. ಇವನಿಗೂ ಗಂಟಲು ಕಟ್ಟಿತು, ಉಸಿರು ಸಿಳ್ಳೆಯಂತೆ ಬರತೊಡಗಿತು. ಆರೋಗ್ಯ ಇಲಾಖೆಯ ವ್ಯಾನು ಮಧ್ಯಾಹ್ನ ಬಂತು. ಹುಡುಗನನ್ನು ಕಂಬಳಿಯಲ್ಲಿ ಸುತ್ತಿ ವ್ಯಾನಿನಲ್ಲಿ ಮಲಗಿಸಿದರು. ಆದರೆ ವ್ಯಾನು ಹೊರಡಲಿಲ್ಲ. ಜೊತೆಗೆ ಬಂದ ಅಧಿಕಾರಿ ಕೋಣೆ ನೋಡಿ, “ಹಾಸಿಗೆ, ಬಟ್ಟೆ, ಕಾಗದ, ಈ ಕೋಣೇಲಿರೋದೆಲ್ಲ ಸುಡಬೇಕಮ್ಮ. ನಾನು ಕಣ್ಣಾರೆ ನೋಡಿ ಸಹಿ ಹಾಕಬೇಕು. ಬೇಗ ಮಾಡಿದಷ್ಟೂ ನಿನ್ನ ತಮ್ಮ ಬೇಗ ಆಸ್ಪತ್ರೆ ಸೇರ್ತಾನೆ” ಎಂದ. ಅವಳು ಅಂಗಳದಲ್ಲಿ ಬೆಂಕಿ ಹಾಕಿದಳು. ಹಾಸಿಗೆ ಹೋಯಿತು, ದಿಂಬು ಹೋಯಿತು. ಆಮೇಲೆ ಅವನು ಕಥೆ ಬರೆಯುತ್ತಿದ್ದ ಮೂರು ನೋಟುಬುಕ್ಕು. ಒಬ್ಬ ಹಡಗಿನ ಕ್ಯಾಪ್ಟನ್ನು, ಅವನ ಒಂದು ಕುಂಟ ನಾಯಿ, ಮುಗಿಯದ ಸಮುದ್ರ. ಅವಳಿಗೆ ಆ ಕಥೆ ಪೂರ್ತಿ ಬಾಯಿಗೆ ಬರುತ್ತಿತ್ತು. ದಪ್ಪ ನೋಟುಬುಕ್ಕು ಒಮ್ಮೆಗೇ ಉರಿಯುವುದಿಲ್ಲ. ಕೋಲಿನಿಂದ ಹಾಳೆ ಬಿಡಿಸಿ ಬಿಡಿಸಿ ಸುಟ್ಟಳು. ವ್ಯಾನಿಗೆ ಹಿಂದುಗಡೆ ಒಂದು ಸಣ್ಣ ಗಾಜಿನ ಕಿಟಕಿಯಿತ್ತು. ಜ್ವರದ ಹುಡುಗ ಎದ್ದು ಕೂತು ಅದರಿಂದ ನೋಡಬಹುದು ಎಂದು ಅವಳಿಗೆ ಹೊಳೆಯಲೇ ಇಲ್ಲ.

ನಲವತ್ತು ದಿನದ ಮೇಲೆ ಅವನು ಕಡ್ಡಿಯಂತಾಗಿ ಮನೆಗೆ ಬಂದ. “ನನ್ನ ಪುಸ್ತಕ ಎಲ್ಲಿ?” ಎಂದು ಒಂದೇ ಸಲ ಕೇಳಿದ. “ಹೊಸದು ತಂದಿದೀನಿ ನೋಡು” ಎಂದು ಅವಳು ಮೂರು ಹೊಸ ನೋಟುಬುಕ್ಕು ಕೊಟ್ಟಳು. ಸತ್ತ ಮಕ್ಕಳ ವಿಷಯ, ಬೆಂಕಿಯ ವಿಷಯ ಹೇಳಿ ಹುಡುಗನನ್ನು ಹೆದರಿಸುವುದೇಕೆ ಎಂದುಕೊಂಡಳು. ಅವನು ಮತ್ತೆ ಕೇಳಲಿಲ್ಲ. ಮಗು, ಮರೆತಿದ್ದಾನೆ ಎಂದು ಅವಳೂ ಮರೆತಳು.

ಹನ್ನೆರಡು ದಿನದಲ್ಲಿ ಗೈಡಿನ ಎಲ್ಲ ಭಾಗವೂ ಮುಗಿಯಿತು. ಕಥಾಸಾರ, ಸನ್ನಿವೇಶ ಸಹಿತ ವಿವರಣೆ, ಚಿಲಕದ ಸಂಕೇತಾರ್ಥ, ಬೆಂಕಿಯ ರೂಪಕ, ಮೊದಲ ಅಂಕದ ಬೆಂಕಿಪೊಟ್ಟಣ ಮೂರನೆಯ ಅಂಕಕ್ಕೆ ಹೇಗೆ ಮುನ್ಸೂಚನೆ, ಎಲ್ಲವೂ. ಹತ್ತು ಅಂಕದ ಪ್ರಶ್ನೆಯ ಕೆಳಗೆ ಮಾತ್ರ ಹಾಳೆ ಖಾಲಿ. ಕಾಗುಣಿತದಜ್ಜ ಕರಡು ತಿರುವಿ ತಿರುವಿ ನೋಡಿ, ಕನ್ನಡಕ ಹಣೆಗೆ ಏರಿಸಿದರು.

“ಟೀಚರ್, ಮದುವೆ ಮನೇಲಿ ಮದುಮಗಳೇ ಇಲ್ಲ. ಅಕ್ಕನ ಪಾತ್ರ ಎಲ್ಲಿ?”

“ಆ ಪಾತ್ರ ಯಾಕೋ ಕೈಗೆ ಸಿಕ್ತಿಲ್ಲ ಅಜ್ಜಾ.”

“ಅದರಲ್ಲಿ ಸಿಗೋಕೆ ಏನಿದೆ? ನೀವೇ ಬರೆದಿದೀರಲ್ಲ, ಹೊಸ್ತಿಲಲ್ಲಿ ಅಡ್ಡ ನಿಲ್ಲೋ ಕಾವಲು ಅಂತ. ಇವಳು ಅದೇ. ಮನುಷ್ಯಳೇ ಅಲ್ಲ ಅವಳು, ಬಾಗಿಲು. ಹುಡುಗ ದಾಟಬೇಕಾದ್ರೆ ಒಂದು ಬಾಗಿಲು ಮುಚ್ಚಿರಬೇಕು, ಅಷ್ಟೇ.”

“ಬಾಗಿಲಿಗೆ ಏನೂ ಅನ್ಸಲ್ವಾ?”

ಅಜ್ಜ ನಕ್ಕರು. “ಬಾಗಿಲಿಗೆ ಅನ್ಸಿದ್ರೆ ನಾಟಕ ನಾಲ್ಕು ಅಂಕ ಆಗತ್ತೆ. ಹುಡುಗರು ಅಷ್ಟು ಹೊತ್ತು ಕೂರಲ್ಲ.”

ಅಜ್ಜ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ತಪ್ಪಿಲ್ಲದ ಮಾತೇ ಹೆಚ್ಚು ನೋಯಿಸುತ್ತದೆ. ಆ ಸಂಜೆ ಅವಳು ಮನೆಯಲ್ಲಿ ಚಪ್ಪಲಿಯನ್ನೂ ಬಿಡದೆ ಕೂತು ತಮ್ಮನಿಗೆ ಫೋನು ಮಾಡಿದಳು. ವರ್ಷಕ್ಕೆ ಎರಡೇ ಸಲ ಬರುವ ಫೋನು ಮೂರನೆಯ ಸಲ ಬಂದದ್ದಕ್ಕೆ ಅವನು ಗಾಬರಿಯಾದ.

“ಯಾಕಕ್ಕ, ಹುಷಾರಾಗಿದೀಯ ತಾನೆ?”

“ಹುಷಾರಾಗಿದೀನಿ. ನಿನ್ನ ನಾಟಕ ಪಠ್ಯ ಆಗಿದೆ. ನಾನೇ ಗೈಡು ಬರೀತಿದೀನಿ.”

“ಅಕ್ಕಾ, ಅದು ನೀನಲ್ಲ. ಅದೊಂದು ಪಾತ್ರ. ನಿನಗೆ ಗೊತ್ತಲ್ಲ, ಬರೆಯೋವಾಗ ಒಂದಕ್ಕೊಂದು ಸೇರ್ಕೊಂಡುಬಿಡತ್ತೆ...”

“ಗೊತ್ತು, ಅದನ್ನ ನನಗೇ ಹೇಳ್ಕೊಡಬೇಡ. ನಾನು ಕೇಳೋದು ಒಂದೇ. ಅವತ್ತು ಬೆಂಕಿ ಹಾಕಿದ್ದು ನೀನು ನೋಡಿದ್ಯಾ?”

“ನೋಡಿದೆ. ಆ ವ್ಯಾನಿನ ಗಾಜಿಂದ. ಹಡಗಿನ ಚಿತ್ರ ಇದ್ದ ರಟ್ಟು ಮೊದಲು ಹಾಕಿದೆ ನೀನು.”

“ಪಕ್ಕದಲ್ಲಿ ಒಬ್ಬರು ನಿಂತಿದ್ರು, ಅವರು ಕಾಣಿಸ್ಲಿಲ್ವಾ? ಕೈಯಲ್ಲಿ ಹಲಗೆ, ಕಾಗದ ಹಿಡ್ಕೊಂಡು?”

“ಇಲ್ಲ. ನೀನೊಬ್ಬಳೇ ಕಾಣಿಸ್ತಿದ್ದೆ.”

ಅವಳು ಹೇಳಿದಳು. ಎದುರು ಮನೆಯ ಮಕ್ಕಳು, ಅಧಿಕಾರಿಯ ಸಹಿ, ಹೊರಡದೆ ನಿಂತ ವ್ಯಾನು. ಹೇಳುವಾಗ ತನ್ನ ದನಿ ಗೈಡಿನ ಕಥಾಸಾರದಂತೆ ಒಣಗಿದೆ ಎಂದು ಅವಳಿಗೇ ಅನ್ನಿಸಿತು.

“ನನಗೆ ಯಾರೂ ಹೇಳ್ಲೇ ಇಲ್ಲ” ಎಂದ ಅವನು.

“ನೀನು ಎರಡನೇ ಸಲ ಕೇಳಲಿಲ್ಲ.”

“ಅಕ್ಕಾ... ಈಗ ಅದು ಅಚ್ಚಾಗಿದೆ. ತಂಡ ಊರೂರು ತಿರುಗ್ತಿದೆ. ಆದ್ರೂ ನೀನು ಹೇಳಿದ್ರೆ ಆ ದೃಶ್ಯ ಬದಲಾಯಿಸ್ತೀನಿ.”

ಅವಳು ನಾಟಕವನ್ನು ಮನಸ್ಸಿನಲ್ಲೇ ಮೊದಲಿಂದ ತಿರುವಿ ಹಾಕಿದಳು. ಅಧಿಕಾರಿಯನ್ನು ತಂದು ನಿಲ್ಲಿಸಿದರೆ ಬೆಂಕಿಯ ತಪ್ಪು ಅವನ ಪಾಲಾಗುತ್ತದೆ. ಆಗ ತಮ್ಮ ಮನೆ ಬಿಡುವುದೇಕೆ? ಚಿಲಕ ತೆಗೆಯುವುದೇಕೆ? ಮೂವತ್ತು ವರ್ಷದ ಕೆಲಸ ಅವಳ ಬಾಯಿಂದ ಮಾತಾಡಿತು: “ಬೇಡ. ಬದಲಾಯಿಸ್ಬೇಡ. ಮೂರನೇ ಅಂಕ ಕುಸಿದುಬೀಳತ್ತೆ.”

“ಬೈಯಾದ್ರೂ ಬೈಯಕ್ಕ.”

“ಬೈಯೋಕೆ ಏನಿದೆ. ಚೆನ್ನಾಗಿ ಬರ್ದಿದೀಯ” ಎಂದು ಫೋನು ಇಟ್ಟಳು.

ಅವನಿಗೆ ಹೇಳದೆ ಉಳಿಸಿಕೊಂಡದ್ದು ಒಂದಿತ್ತು. ಆ ಕೋಣೆಯಲ್ಲಿ ಅವನ ಹಾಸಿಗೆಯ ಪಕ್ಕದ ಗೂಡಿನಲ್ಲಿ ಅವಳ ಪುಸ್ತಕಗಳೂ ಇದ್ದವು. ಬಿಟ್ಟ ಕಾಲೇಜನ್ನು ಮುಗಿಸಬೇಕೆಂದು ಎರಡು ವರ್ಷದಿಂದ ಕೆಲಸದ ನಡುವೆ ಮಾಡಿಕೊಂಡ ಟಿಪ್ಪಣಿ, ಒಂಬೈನೂರು ಪುಟ. ಪರೀಕ್ಷೆಗೆ ಆರು ವಾರ ಉಳಿದಿತ್ತು. ಅಧಿಕಾರಿ ಗೂಡಿನತ್ತ ಬೆರಳು ತೋರಿಸಿ, “ಅದೂ” ಎಂದಿದ್ದ. ತಮ್ಮನ ಮೂರು ನೋಟುಬುಕ್ಕು ಉರಿದು ಮುಗಿದ ಮೇಲೂ ಆ ಬೆಂಕಿ ಅಷ್ಟು ಹೊತ್ತು ಉರಿದದ್ದು ಅದಕ್ಕೇ. ಅವಳು ಆ ಪರೀಕ್ಷೆಗೆ ಮತ್ತೆ ಕೂರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಅಕ್ಕನ ಪಾತ್ರದ ಉತ್ತರ ಬರೆದಳು. ಮಾಲೀಕರು ಕೇಳಿದ ಖಾರವೂ ಇತ್ತು, ಅಂಕ ತರುವ ಅಂಶಗಳೂ ಇದ್ದವು. ‘ಅಕ್ಕ ಈ ನಾಟಕದ ಪ್ರತಿನಾಯಕಿ. ನಾಯಕನ ಬಿಡುಗಡೆಗೆ ಅಡ್ಡ ನಿಂತ ಶಕ್ತಿ. ಅವಳ ಕೆಮ್ಮು ಅಪಾಯದ ಸೂಚನೆ.’ ಆ ಕೊನೆಯ ವಾಕ್ಯ ಬರೆದು ಲೇಖನಿಯನ್ನು ಕೆಳಗಿಟ್ಟು, ಮತ್ತೆ ಎತ್ತಿಕೊಂಡು ಮುಂದುವರಿಸಿದಳು. ಎಲ್ಲ ಮುಗಿಸಿ, ಏನನ್ನೋ ಹುಡುಕುವವಳಂತೆ ನಾಟಕವನ್ನು ಮತ್ತೊಮ್ಮೆ ಓದಿದಳು. ತಮ್ಮನಿಗೆ ನಾಲ್ಕು ಸ್ವಗತಗಳಿದ್ದವು. ಒಂದೇ ದೃಶ್ಯಕ್ಕೆ ಬಂದುಹೋಗುವ ಅಂಚೆಯವನಿಗೂ, ರಂಗದಲ್ಲಿ ಒಬ್ಬನೇ ನಿಂತು ತನ್ನ ಮನಸ್ಸನ್ನು ತೋಡಿಕೊಳ್ಳುವ ಅರ್ಧ ಪುಟದ ಮಾತಿತ್ತು. ಅಕ್ಕನಿಗೆ ನಲವತ್ತೊಂದು ಮಾತು, ಒಂದೂ ಎರಡು ಸಾಲು ದಾಟಿದ್ದಲ್ಲ. ಸ್ವಗತ ಒಂದೂ ಇಲ್ಲ.

ಅವಳು ಒಂದು ಹೆಚ್ಚುವರಿ ಪ್ರಶ್ನೆ ಸೇರಿಸಿದಳು. ‘ಈ ನಾಟಕದಲ್ಲಿ ಎಲ್ಲರಿಗೂ ಸ್ವಗತವಿದೆ, ಅಕ್ಕನಿಗಿಲ್ಲ. ಯಾಕೆ?’ ಉತ್ತರವಾಗಿ ಆರು ಸಾಲು: ‘ಪ್ರೇಕ್ಷಕರು ಅಕ್ಕನನ್ನು ತಮ್ಮನ ಕಿಟಕಿಯಿಂದ ಮಾತ್ರ ನೋಡುತ್ತಾರೆ. ಕಿಟಕಿಯಿಂದ ಕೈ ಕಾಣುತ್ತದೆ, ಮನಸ್ಸು ಕಾಣುವುದಿಲ್ಲ. ಅವಳು ಯಾಕೆ ಸುಟ್ಟಳೆಂದು ನಾಟಕ ಹೇಳುವುದಿಲ್ಲ. ಕ್ರೂರಿ ಎಂದೂ ಹೇಳುವುದಿಲ್ಲ. ಹಾಗೆ ಹೇಳುವವನು ತಮ್ಮ. ಪಾತ್ರ ಹೇಳಿದ್ದನ್ನೆಲ್ಲ ನಾಟಕವೇ ಹೇಳಿತು ಎಂದು ವಿದ್ಯಾರ್ಥಿಗಳು ತಿಳಿಯಬಾರದು.’

ಮಾಲೀಕರು ಓದಿ ತಲೆ ಕೆರೆದರು. “ಇದು ಯಾವ ಜನ್ಮಕ್ಕೂ ಪರೀಕ್ಷೆಗೆ ಬರಲ್ಲ ಟೀಚರ್. ತೆಗೀರಿ.”

ಕಾಗುಣಿತದಜ್ಜ ತಲೆ ಎತ್ತದೆಯೇ ಹೇಳಿದರು: “ತೆಗೆದ್ರೆ ಕೊನೇ ಪುಟ ಅರ್ಧ ಖಾಲಿ ಉಳಿಯತ್ತೆ. ಖಾಲಿ ಪುಟ ನೋಡಿದ್ರೆ ಅಂಗಡಿಯವರು ಏನೋ ಬಿಟ್ಟುಹೋಗಿದೆ ಅಂತ ವಾಪಸ್ ಕಳಿಸ್ತಾರೆ.”

ಮಾಲೀಕರು ಗೊಣಗುತ್ತ ಒಪ್ಪಿದರು. ಅವರು ಇಳಿದು ಹೋದ ಮೇಲೆ ಅವಳು ಅಜ್ಜನ ಕಡೆ ನೋಡಿದಳು. ಅವರು ಕೆಂಪು ಪೆನ್ಸಿಲು ಚೂಪು ಮಾಡುತ್ತಿದ್ದರು. ಅವರಿಗೆ ಏನಾದರೂ ಗೊತ್ತಾಗಿತ್ತೋ ಇಲ್ಲವೋ ಅವಳಿಗೆ ಎಂದೂ ತಿಳಿಯಲಿಲ್ಲ.

ಗೈಡು ಹೊರಬಂದು ನಾಲ್ಕೈದು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಮೆಟ್ಟಿಲಲ್ಲಿ ಗಟ್ಟಿ ಹೆಜ್ಜೆಯ ಸದ್ದು ಕೇಳಿಸಿತು. ಬಂದವಳು ನಲವತ್ತೈದರ ಆಸುಪಾಸಿನ ಹೆಂಗಸು, ಗಿಡ್ಡ ಕೂದಲು, ಇಡೀ ಕೋಣೆ ತುಂಬುವಂಥ ದನಿ. ಕೈಯಲ್ಲಿ ಸುರುಳಿ ಸುತ್ತಿದ ಗೈಡು.

“ಇದನ್ನ ಬರೆದ ಅನುಭವಿ ಅಧ್ಯಾಪಕರು ಯಾರು?”

ಅಜ್ಜ ಪೆನ್ಸಿಲಿನಿಂದ ಎದುರು ಮೇಜು ತೋರಿಸಿದರು.

ಬಂದವಳು ‘ಒಳಗಿನ ಚಿಲಕ’ದ ತಂಡದ ನಟಿ. ಅಕ್ಕನ ಪಾತ್ರದವಳು. ನಾಟಕ ಪಠ್ಯವಾದ್ದರಿಂದ ತಂಡ ಊರೂರಿನಲ್ಲಿ ವಿದ್ಯಾರ್ಥಿಗಳಿಗಾಗಿ ಆಡುತ್ತಿತ್ತು. ಇನ್ನು ಮೂರು ದಿನಕ್ಕೆ ಈ ಊರಿನ ರಂಗಮಂದಿರದಲ್ಲಿ ಆಟವಿತ್ತು.

“ನೂರಾರು ಸಲ ಮಾಡಿದೀನಿ ಮೇಡಂ ಈ ಪಾತ್ರ. ಬೆಂಕಿ ದೃಶ್ಯ ಬಂದ್ರೆ ಹುಡುಗರು ಹೋ ಅಂತ ಕೂಗ್ತಾರೆ. ಒಂದೂರಲ್ಲಿ ಕಿತ್ತಳೆ ಸಿಪ್ಪೆ ಎಸೆದ್ರು. ಎಸೀಲಿ, ಅದು ನಮ್ಮ ಕಸುಬು. ಆದ್ರೆ ಇವಳು ಯಾಕೆ ಸುಡ್ತಾಳೆ ಅಂತ ನನಗೇ ಗೊತ್ತಿಲ್ಲ. ನಾಟಕಕಾರರನ್ನ ಕೇಳಿದ್ರೆ ‘ನೀವು ಕೈ ನೋಡ್ಕೊಳ್ಳಿ, ಮನಸ್ಸು ಪ್ರೇಕ್ಷಕರಿಗೆ ಬಿಡಿ’ ಅಂತಾರೆ. ಮೊನ್ನೆ ಬಸ್ ನಿಲ್ದಾಣದಲ್ಲಿ ಈ ಗೈಡು ಸಿಕ್ತು. ಕೊನೇ ಪುಟ ಓದಿ ಎದೆ ಧಸಕ್ ಅಂತು. ಹೇಳಿ, ಅವಳು ಯಾಕೆ ಸುಡ್ತಾಳೆ?”

ಮೂವತ್ತು ವರ್ಷದಲ್ಲಿ ಅವಳು ಬರೆದದ್ದನ್ನು ಓದಿ ಮೆಟ್ಟಿಲು ಹತ್ತಿ ಬಂದವರು ಯಾರೂ ಇರಲಿಲ್ಲ. ಹೇಳಿಬಿಡಬಹುದಿತ್ತು. ಆದರೆ ಹೇಳಿದರೆ ಈ ಹೆಂಗಸು ನಾಳೆಯಿಂದ ಪಾತ್ರವನ್ನು ಬಿಟ್ಟು ಇವಳನ್ನು ಆಡತೊಡಗುತ್ತಾಳೆ.

“ಯಾಕೆ ಅನ್ನೋದು ನನಗೂ ಗೊತ್ತಿಲ್ಲ” ಎಂದಳು. “ಹೇಗೆ ಅನ್ನೋದು ಹೇಳಬಲ್ಲೆ. ಪುಸ್ತಕದಲ್ಲಿ ‘ಒಂದೊಂದಾಗಿ ಸುಡುತ್ತಾಳೆ’ ಅಂತ ಇದೆ ಅಲ್ವಾ? ನೀವು ಹೇಗೆ ಮಾಡ್ತೀರಿ?”

“ಎತ್ತಿ ಎಸೀತೀನಿ. ಜೋರಾಗಿ.”

“ಎಸೆದ್ರೆ ಉರಿಯಲ್ಲ. ದಪ್ಪ ನೋಟುಬುಕ್ಕು ಸುತ್ತ ಅಂಚು ಮಾತ್ರ ಕಪ್ಪಾಗಿ ನಡುವೆ ಹಾಗೇ ಉಳಿಯತ್ತೆ. ಕೂತ್ಕೋಬೇಕು. ಕೋಲಿಂದ ಒಂದೊಂದೇ ಹಾಳೆ ಬಿಡಿಸ್ಬೇಕು. ಬಿಡಿಸೋವಾಗ ಅಕ್ಷರ ಕಾಣ್ಸತ್ತೆ. ಬೇಡ ಅಂದ್ರೂ ಕಣ್ಣು ಓದತ್ತೆ. ಓದಿದ್ದೇ ಉರಿಯತ್ತೆ. ಹೊಗೆ ಮುಖಕ್ಕೆ ಬರತ್ತೆ, ತಿರುಗೋಕಾಗಲ್ಲ. ಅದಕ್ಕೇ ಅವಳು ಕಿಟಕಿ ಕಡೆ ನೋಡಲ್ಲ.”

ನಟಿ ಕುರ್ಚಿಯ ತುದಿಗೆ ಬಂದಿದ್ದಳು. “ನಿಮಗೆ ಇಷ್ಟೆಲ್ಲ ಹೇಗೆ ಗೊತ್ತು?”

“ಮುದ್ರಣಾಲಯ ಅಲ್ವಾ. ಕೆಟ್ಟ ಹಾಳೆ ಸುಡೋದು ಇದ್ದೇ ಇರತ್ತೆ.”

ನಟಿ ನಂಬಿದಂತೆ ತಲೆಯಾಡಿಸಿದಳು. ಹೋಗುವಾಗ ಒಂದು ಟಿಕೆಟು ಮೇಜಿನ ಮೇಲೆ ಇಟ್ಟು, ಒಂದು ಕ್ಷಣ ಇವಳ ಕೈಯನ್ನು ಹಿಡಿದುಕೊಂಡಳು. ಆ ಕೈ ಬಿಸಿಯಾಗಿತ್ತು. ತನ್ನ ಕೈಯನ್ನು ಯಾರಾದರೂ ಮುಟ್ಟಿ ಎಷ್ಟು ದಿನವಾಯಿತು ಎಂದು ಅವಳು ಆ ಮಧ್ಯಾಹ್ನವೆಲ್ಲ ಲೆಕ್ಕ ಹಾಕಲು ನೋಡಿದಳು, ಆಗಲಿಲ್ಲ.

ಆಟ ಮಧ್ಯಾಹ್ನ ಎರಡು ಗಂಟೆಗೆ. ರಂಗಮಂದಿರದ ತುಂಬ ವಿದ್ಯಾರ್ಥಿಗಳು. ಅವಳು ಕೊನೆಯ ಸಾಲಿನಲ್ಲಿ, ಕಂಬದ ಪಕ್ಕ ಕೂತಳು. ಮುಂದಿನ ಸಾಲಿನ ಹುಡುಗಿಯೊಬ್ಬಳು ತೊಡೆಯ ಮೇಲೆ ಗೈಡು ಬಿಡಿಸಿಟ್ಟು ನಾಟಕ ಸರಿಯಾಗಿ ನಡೆಯುತ್ತಿದೆಯೇ ಎಂದು ತಾಳೆ ನೋಡುತ್ತಿದ್ದಳು. ಮೊದಲ ಕೆಮ್ಮಿಗೇ ಸಭೆ ‘ಬಂದ್ಲು ಬಂದ್ಲು’ ಎಂದು ಗಲಗಲ ಅಂದಿತು. ಅವಳೂ ನಕ್ಕಳು. ಆ ಕೆಮ್ಮು ನಿಜಕ್ಕೂ ಅವಳದೇ, ತಮ್ಮ ಚೆನ್ನಾಗಿ ಕಲಿಸಿದ್ದ.

ಮೂರನೆಯ ಅಂಕ. ಕೆಂಪು ದೀಪ. ನಟಿ ನೋಟುಬುಕ್ಕುಗಳನ್ನು ಎಸೆಯಲಿಲ್ಲ, ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಳು. ಕೋಲಿನಿಂದ ಒಂದು ಹಾಳೆ ಬಿಡಿಸಿದಳು. ಬಗ್ಗಿ ಅದನ್ನು ನೋಡಿದಳು. ತುಟಿ ಅಲುಗಿತು. ಇನ್ನೊಂದು ಬಿಡಿಸಿದಳು. ಹಿಂದಿನಿಂದ ಒಬ್ಬ ಹುಡುಗ ಹೋ ಎಂದು ಕೂಗಲು ಶುರುಮಾಡಿ, ತನ್ನ ದನಿ ಒಂದೇ ಕೇಳುತ್ತಿದೆ ಎಂದು ತಿಳಿದು ನಿಲ್ಲಿಸಿದ. ಮುಂದಿನ ಸಾಲಿನ ಹುಡುಗಿ ಗೈಡನ್ನು ಮುಚ್ಚಿದಳು. ರಂಗದ ಮೇಲೆ ಮಾತಿಲ್ಲ. ಹಾಳೆ ಬಿಡಿಸುವ ಸದ್ದು ಮಾತ್ರ. ಅವಳು ಕಂಬಕ್ಕೆ ಒರಗಿ ಕೂತು, ಮೂವತ್ತೇಳು ವರ್ಷದ ಹಿಂದೆ ವ್ಯಾನಿನ ಗಾಜಿನೊಳಗಿದ್ದ ಹುಡುಗನ ಜಾಗದಿಂದ, ಆ ಹೆಂಗಸನ್ನು ನೋಡಿದಳು. ದೂರದಿಂದ ಎಷ್ಟು ಸಣ್ಣವಳಾಗಿ ಕಾಣುತ್ತಾಳೆ ಎಂದುಕೊಂಡಳು.

ಪರದೆ ಬಿದ್ದ ಮೇಲೆ ನಟಿಯನ್ನು ನೋಡಲು ಹೋಗಲಿಲ್ಲ. ಹೋಗಿ ಹೇಳುವುದೇನು? ಮಕ್ಕಳ ಗುಂಪಿನ ಜೊತೆ ಹೊರಬಂದು, ಬಿಸಿಲಿನಲ್ಲೇ ನಡೆದು ಮನೆ ಸೇರಿದಳು.

ಮೂರು ವಾರದ ಮೇಲೆ ತಮ್ಮ ತಾನಾಗಿಯೇ ಫೋನು ಮಾಡಿದ.

“ಅಕ್ಕಾ, ನಿನ್ನೆ ನಾಟಕ ನೋಡೋಕೆ ಹೋಗಿದ್ದೆ. ಬಹಳ ದಿನ ಆಗಿತ್ತು ನೋಡಿ. ಆ ನಟಿ ಬೆಂಕಿ ದೃಶ್ಯ ಬೇರೆ ಥರ ಮಾಡ್ತಿದಾರೆ. ಯಾರು ಹೇಳ್ಕೊಟ್ರು ಅಂದ್ರೆ ಯಾರೋ ಗೈಡು ಬರೆಯೋರು ಅಂದ್ರು.”

“ಹೌದಾ. ಚೆನ್ನಾಗಿ ಬಂತಾ?”

“ಚೆನ್ನಾಗಿ ಬಂತು. ನಾನು ಪೂರ್ತಿ ನೋಡಲಿಲ್ಲ. ಎದ್ದು ಆಚೆ ಬಂದುಬಿಟ್ಟೆ. ಊರಿಗೆ ಬರ್ತೀನಿ ಅಕ್ಕ. ಮುಂದಿನ ತಿಂಗಳು” ಎಂದ.

ಮುಂದಿನ ತಿಂಗಳು ಬರಲಿಲ್ಲ. ಆ ವರ್ಷವೇ ಬರಲಿಲ್ಲ. ಮರುವರ್ಷ ಒಂದು ಶುಕ್ರವಾರ ಬಂದ, ಎರಡು ದಿನ ಇದ್ದ. ಕೂದಲು ನೆರೆತಿತ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಬಂದ ದಿನ ಬಹುಪಾಲು ಮಲಗಿಯೇ ಇದ್ದ. ಅವಳು ಈಚೆ ಕೋಣೆಯಲ್ಲಿ ಪಾತ್ರೆ ಸದ್ದಾಗದಂತೆ ಅಡಿಗೆ ಮಾಡಿದಳು. ಎದ್ದ ಮೇಲೆ ಇಬ್ಬರೂ ಎದುರು ಬದುರು ಕೂತು ಉಂಡರು. ಅವನು ತಂಡದ ಜಗಳಗಳನ್ನು ಹೇಳಿದ, ಅವಳು ಮಾಲೀಕರ ಜಿಪುಣತನ ಹೇಳಿದಳು, ಇಬ್ಬರೂ ನಕ್ಕರು. ಬೆಂಕಿಯ ಮಾತು ಇಬ್ಬರೂ ಎತ್ತಲಿಲ್ಲ. ಒಮ್ಮೆ ಮಾತ್ರ ಅವನು, “ಅಕ್ಕಾ, ನೀನು ಒಬ್ಬಳೇ ಇರ್ತೀಯಲ್ಲ, ಏನು ಮಾಡ್ತಿರ್ತೀಯ?” ಎಂದು ಕೇಳಿದ. “ಓದ್ತಿರ್ತೀನಿ” ಎಂದಳು. ಅವನು ಇನ್ನೇನೋ ಕೇಳುವವನಿದ್ದ, ಕೇಳಲಿಲ್ಲ.

ಭಾನುವಾರ ಬೆಳಗಿನ ಬಸ್ಸಿಗೆ ಹೊರಟ. ನಿಲ್ದಾಣದವರೆಗೂ ಹೋದಳು. ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ಅವನ ಕೈ ಕಿಟಕಿಯ ಹೊರಗೆ ಇತ್ತು.

ಮರುದಿನ ಕಚೇರಿಯಲ್ಲಿ ಎದುರು ಮೇಜು ಖಾಲಿಯಿತ್ತು. ಕಾಗುಣಿತದಜ್ಜ ಕಣ್ಣು ಮಂಜಾಗಿ ಹಿಂದಿನ ತಿಂಗಳಷ್ಟೇ ಕೆಲಸ ಬಿಟ್ಟಿದ್ದರು. ಮಾಲೀಕರು ಒಂದು ಹೊಸ ಪಠ್ಯ ಇಟ್ಟುಹೋಗಿದ್ದರು, ಮುನ್ನೂರು ಪುಟದ ಕಾದಂಬರಿ. ಅವಳು ಮೊದಲ ಪುಟ ತೆರೆದಳು. ಒಬ್ಬ ವಿಧವೆ ರೈಲಿನಿಂದ ಇಳಿದು, ತನ್ನನ್ನು ಕರೆದುಕೊಂಡು ಹೋಗಲು ಬರಬೇಕಾದವರಿಗಾಗಿ ಕಾಯುತ್ತಿದ್ದಳು. ಇವಳು ಪೆನ್ಸಿಲು ತೆಗೆದುಕೊಂಡು, ಎಂದಿನಂತೆ, ಹಾಳೆಯ ಅಂಚಿನಲ್ಲಿ ಪುಟಸಂಖ್ಯೆ ಗುರುತು ಹಾಕತೊಡಗಿದಳು. ಕೆಳಗೆ ಯಂತ್ರ ಶುರುವಾಯಿತು.